ಅಜ್ಜನ ರಿವಾಲ್ವರಿಗೆ ಪೌತಿ ಖಾತೆ ಇಲ್ಲ

ಮೂಡಿಗೆರೆ ತಾಲ್ಲೂಕಿನ ಬಾಳೂರಿನ ಮಳೆಯನ್ನು ಕಂಡವರಿಗೆ ಅಲ್ಲಿನ ಹಳೆಯ ಮನೆಗಳ ಅಟ್ಟದ ವಾಸನೆಯೂ ಗೊತ್ತಿರುತ್ತದೆ. ಒಣಗಿದ ಕಾಫಿ, ಏಲಕ್ಕಿ, ಹೊಗೆ ಹಿಡಿದ ಜಂತಿ, ಬೂಷ್ಟು ಬಂದ ಚರ್ಮ, ಎಲ್ಲವೂ ಬೆರೆತ ವಾಸನೆ ಅದು. ಅಂಥ ಒಂದು ಮನೆಯಲ್ಲಿ ಅಜ್ಜನ ತಿಥಿ ಮುಗಿದಿದೆ ಎಂದುಕೊಳ್ಳಿ. ನೆಂಟರು ಇನ್ನೂ ಹೊರಟಿಲ್ಲ. ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕನ್ನು ಕೆಳಗಿಳಿಸಿ ಬೀಗ ತೆಗೆದಾಗ ಕಂದಾಯದ ರಸೀತಿಗಳು, ಮಾಸಿದ ಫೋಟೊಗಳು, ಅವುಗಳ ಅಡಿಯಲ್ಲಿ ಒಂದು ಚರ್ಮದ ಚೀಲ. ಚೀಲದೊಳಗೆ ರಿವಾಲ್ವರ್. ಪಕ್ಕದ ತಗಡಿನ ಡಬ್ಬಿಯಲ್ಲಿ ಹಸಿರು ಕಿಲುಬು ಹಿಡಿದ ಏಳೆಂಟು ತೋಟಾಗಳು.

ಹೈಸ್ಕೂಲು ಓದುವ ಮೊಮ್ಮಗ ಅದನ್ನು ಎತ್ತಿಕೊಂಡು ಟ್ರಿಗರ್ ಮೇಲೆ ಬೆರಳಿಡುತ್ತಾನೆ. ‘ತುಕ್ಕು ಹಿಡಿದು ಎಷ್ಟು ಕಾಲವಾಯ್ತೋ, ಇನ್ನೆಲ್ಲಿ ಹಾರುತ್ತೆ ಮಾರಾಯ’ ಎನ್ನುತ್ತಾರೆ ದೊಡ್ಡಪ್ಪ. ‘ಮರಳು ಕಾಗದದಲ್ಲಿ ಉಜ್ಜಿ ಎಣ್ಣೆ ಬಿಟ್ಟರೆ ಹೊಸದರ ಹಾಗಾಗುತ್ತೆ’ ಎಂಬುದು ಚಿಕ್ಕಪ್ಪನ ಸಲಹೆ. ‘ಅಪ್ಪನ ಹೆಸರಿನಲ್ಲಿ ಲೈಸೆನ್ಸ್ ಇದೆಯಲ್ಲ, ಮನೆಯಲ್ಲೇ ಇರಲಿ’ ಎಂದು ಹುಡುಗನ ತಂದೆ ತೀರ್ಮಾನ ಹೇಳುತ್ತಾರೆ. ಮೂಲೆಯಲ್ಲಿ ಕುಳಿತ ಅಜ್ಜಿ ಮಾತ್ರ, ‘ಅದನ್ನ ಕೆಳಗಿಡು ಮಗಾ’ ಎನ್ನುತ್ತಾರೆ.

ಈ ಐವರಲ್ಲಿ ಸರಿಯಾದದ್ದನ್ನು ಮಾಡಿದವರು ಅಜ್ಜಿಯೊಬ್ಬರೇ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಕಾಫಿ ಸೀಮೆಯ ಅನೇಕ ಹಳೆಯ ಮನೆಗಳಲ್ಲಿ ಒಂದಲ್ಲ ಒಂದು ದಿನ ಎದುರಾಗಬಹುದಾದ ಪ್ರಶ್ನೆ. ಹಿರಿಯರಿಂದ ಬಂದ ಆಯುಧದ ಸ್ಥಿತಿ ಏನು? ಅದು ಸತ್ತಿದೆಯೇ, ಮಲಗಿದೆಯೇ? ಅದನ್ನು ಇಟ್ಟುಕೊಳ್ಳಬಹುದೇ? ಉತ್ತರದಲ್ಲಿ ಅರ್ಧ ಭಾಗ ರಸಾಯನಶಾಸ್ತ್ರ, ಇನ್ನರ್ಧ ಕಾನೂನು. ಎರಡನ್ನೂ ತಿಳಿಯದೆ ಕೈಹಾಕಿದರೆ ಒಂದು ಬೆರಳನ್ನೋ, ಒಂದು ಜೀವವನ್ನೋ, ಹಲವು ವರ್ಷಗಳ ಸ್ವಾತಂತ್ರ್ಯವನ್ನೋ ಕಳೆದುಕೊಳ್ಳಬೇಕಾದೀತು.

ಬೆಟ್ಟಕ್ಕೆ ಬಂದ ಬಂದೂಕು

ಮಲೆನಾಡಿಗೆ ಕೋವಿ ಹೊಸದಲ್ಲ. ಹಂದಿ, ಮಂಗ, ಆನೆಗಳಿಂದ ಗದ್ದೆ ತೋಟಗಳನ್ನು ಕಾಯಲು ರೈತರು ಕೇಪಿನ ಕೋವಿಯನ್ನೋ ತೋಟಾ ಕೋವಿಯನ್ನೋ ಇಟ್ಟುಕೊಳ್ಳುತ್ತ ಬಂದರು. 19ನೇ ಶತಮಾನದಲ್ಲಿ ಕಾಫಿ ತೋಟ ಮಾಡಲು ಬಂದ ಯೂರೋಪಿನ ದೊರೆಗಳಿಗೆ ಶಿಕಾರಿ ದೊಡ್ಡ ಹವ್ಯಾಸವಾಗಿತ್ತು. ಹಳೆಯ ಮೈಸೂರು ಸಂಸ್ಥಾನದ ಕಾಫಿ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಚಿನ್ನ, ಶಿಕಾರಿ ಮತ್ತು ಕಾಫಿ ಬೇಸಾಯ ಒಟ್ಟಿಗೆ ಕುಳಿತಿವೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳನ್ನು ಕನ್ನಡಕ್ಕೆ ತಂದಾಗ ಈ ಸೀಮೆಯ ಓದುಗರಿಗೆ ಕೋವಿಯ ಮಾತು ಅಪರಿಚಿತವೆನಿಸಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಕಾಲಕ್ಕೆ ತೆರೆ ಎಳೆಯಿತು. ಶಿಕಾರಿ ನಿಂತರೂ ಕೋವಿಗಳು ಮನೆಗಳಲ್ಲಿ ಉಳಿದವು.

ರಿವಾಲ್ವರಿನ ಕಥೆ ಸ್ವಲ್ಪ ಬೇರೆ. ಉದ್ದ ನಳಿಗೆಯ ಕೋವಿ ಬೆಳೆ ಕಾಯುವುದಕ್ಕೆ. ಗಿಡ್ಡ ನಳಿಗೆಯ ರಿವಾಲ್ವರಿಗೆ ಹಂದಿಯನ್ನು ಓಡಿಸುವ ಕೆಲಸ ಒಗ್ಗದು. ಅದು ಮನುಷ್ಯರು ಮನುಷ್ಯರಿಂದ ರಕ್ಷಣೆಗೆಂದು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ವಸ್ತು. ಬಟವಾಡೆಯ ಹಣವನ್ನು ಪೇಟೆಯಿಂದ ಕಾಡು ದಾರಿಯಲ್ಲಿ ತೋಟಕ್ಕೆ ತರುವವರಿಗೆ ಅದೊಂದು ಧೈರ್ಯ. ಹೀಗೆ ಕೊಂಡದ್ದು ಕೊನೆಗೆ ಟ್ರಂಕು ಸೇರುತ್ತದೆ.

ರಿವಾಲ್ವರಿನ ಹುಟ್ಟಿಗೂ ನಮ್ಮ ದೇಶಕ್ಕೂ ಒಂದು ಎಳೆಯ ನಂಟಿದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಎಂಬ ಹುಡುಗ 1830ರಲ್ಲಿ ಕಲ್ಕತ್ತೆಗೆ ಹೊರಟ ‘ಕಾರ್ವೊ’ ಎಂಬ ಹಡಗಿನಲ್ಲಿ ಕೆಲಸಕ್ಕೆ ಸೇರಿದ. ಆ ಪ್ರಯಾಣದಲ್ಲಿ ಹಡಗಿನ ತಿರುಗುವ ಯಂತ್ರಭಾಗವನ್ನು ನೋಡುತ್ತ, ತಿರುಗುವ ಸಿಲಿಂಡರಿನ ಮಾದರಿಯೊಂದನ್ನು ಮರದಲ್ಲಿ ಕೆತ್ತಿದನೆಂದು ಹೇಳುತ್ತಾರೆ. 1836ರಲ್ಲಿ ಆತ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಉಪಾಯ ಸರಳ: ಒಂದೇ ನಳಿಗೆ, ಅದರ ಹಿಂದೆ ಐದಾರು ಗುಂಡಿನ ಕೋಣೆಗಳಿರುವ ಒಂದು ಗಾಲಿ. ಒಂದು ಗುಂಡು ಹಾರಿದ ಮೇಲೆ ಗಾಲಿ ಒಂದು ಹಲ್ಲಿನಷ್ಟು ತಿರುಗಿ ಮುಂದಿನ ಕೋಣೆಯನ್ನು ನಳಿಗೆಯ ನೇರಕ್ಕೆ ತರುತ್ತದೆ.

ಭಾರತದಲ್ಲಿ ಹೆಚ್ಚು ಹೆಸರಾದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ರಿವಾಲ್ವರ್. ಬ್ರಿಟಿಷ್ ಸೇನೆ 1887ರಲ್ಲಿ ಅದರ ಮೊದಲ ಮಾದರಿಯನ್ನು ಒಪ್ಪಿಕೊಂಡಿತು. ಆರನೆಯ ಮಾದರಿ 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ ಬಂತು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರಿ ಕಾರ್ಖಾನೆಗಳೂ .32 ಅಂಗುಲದ ರಿವಾಲ್ವರ್ ತಯಾರಿಸಿದವು. ಟ್ರಂಕಿನಲ್ಲಿ ಸಿಕ್ಕಿದ್ದು ಇವುಗಳಲ್ಲಿ ಯಾವುದು ಎಂಬುದರ ಮೇಲೆ ಕಾನೂನಿನ ಉತ್ತರವೇ ಬದಲಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಬಾಳೂರೇ ಒಂದು ಪ್ರನಾಳ

ಶಾಲೆಯಲ್ಲಿ ಮೂರು ಪ್ರನಾಳಗಳ ಪ್ರಯೋಗ ಎಲ್ಲರಿಗೂ ನೆನಪಿರುತ್ತದೆ. ಒಂದರಲ್ಲಿ ನೀರು ಮತ್ತು ಗಾಳಿ ಎರಡೂ ತಗಲುವಂತೆ ಮೊಳೆ. ಎರಡನೆಯದರಲ್ಲಿ ಕುದಿಸಿ ಆರಿಸಿದ ನೀರು, ಅದರ ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್. ಕೆಲವು ದಿನ ಬಿಟ್ಟು ನೋಡಿದರೆ ಮೊದಲನೆಯ ಮೊಳೆಗೆ ಮಾತ್ರ ತುಕ್ಕು. ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ ಮತ್ತು ನೀರು ಎರಡೂ ಬೇಕು ಎಂಬುದು ಅದರ ಪಾಠ.

ಮಳೆಗಾಲದ ಬಾಳೂರು ಆ ಮೊದಲನೆಯ ಪ್ರನಾಳದಂತೆ. ಗಾಳಿಯ ತೇವಾಂಶ ಸುಮಾರು ಶೇ 60 ದಾಟಿದರೆ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ, ತುಕ್ಕಿನ ವೇಗ ಹೆಚ್ಚುತ್ತದೆ. ಅಡುಗೆ ಮನೆಯ ಉಪ್ಪಿನ ಭರಣಿಯೇ ಇದಕ್ಕೊಂದು ಮಾಪಕ. ಶುದ್ಧ ಉಪ್ಪು ನೀರು ಬಿಡಬೇಕಾದರೆ ಗಾಳಿಯ ತೇವಾಂಶ ಸುಮಾರು ಶೇ 75 ಆಗಿರಬೇಕು. ಜುಲೈ ತಿಂಗಳಲ್ಲಿ ಮಲೆನಾಡಿನ ಯಾವ ಮನೆಯ ಉಪ್ಪು ಪುಡಿಪುಡಿಯಾಗಿ ಉಳಿದೀತು?

ಹಳೆಯ ಬಂದೂಕಿಗೆ ಇನ್ನೊಂದು ಶಾಪವಿದೆ, ಅದು ಒಳಗಿನದು. ಹಳೆಯ ಕಾಲದ ಕಪ್ಪು ಮದ್ದಿನಲ್ಲಿ ಪೆಟ್ಲುಪ್ಪು ಸುಮಾರು ಶೇ 75, ಇದ್ದಿಲು ಶೇ 15, ಗಂಧಕ ಶೇ 10. ಅದು ಉರಿದಾಗ ಎಲ್ಲವೂ ಅನಿಲವಾಗಿ ಹೋಗುವುದಿಲ್ಲ; ಪೊಟ್ಯಾಸಿಯಂ ಲವಣಗಳ ಮಸಿ ನಳಿಗೆಯಲ್ಲಿ ಕುಳಿತು ಗಾಳಿಯ ನೀರನ್ನು ಹೀರುತ್ತದೆ. ಮುಂದೆ ಹೊಗೆ ಕಡಿಮೆ ಇರುವ ಮದ್ದು ಬಂದರೂ ತೋಟಾದ ಹಿಂಬದಿಯ ಕೇಪಿನಲ್ಲಿ ಬಹುಕಾಲ ಪೊಟ್ಯಾಸಿಯಂ ಕ್ಲೋರೇಟ್ ಬಳಕೆಯಲ್ಲಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ, ಎಂದರೆ ಅಡುಗೆ ಉಪ್ಪಿನ ಅಣ್ಣತಮ್ಮ. ಇದು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಆದ್ದರಿಂದಲೇ ಆ ಕಾಲದ ಸೈನಿಕರು ಗುಂಡು ಹಾರಿಸಿದ ಮೇಲೆ ಮೊದಲು ನಳಿಗೆಗೆ ಬಿಸಿನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಅಜ್ಜ ಕೊನೆಯ ಗುಂಡು ಹಾರಿಸಿದ ಸಂಜೆ ಬರೀ ಎಣ್ಣೆ ಒರೆಸಿ ಇಟ್ಟಿದ್ದರೆ ಎಣ್ಣೆಯ ಕೆಳಗೆ ಉಪ್ಪು ಉಳಿದು, ಪ್ರತಿ ಮಳೆಗಾಲದಲ್ಲೂ ಸದ್ದಿಲ್ಲದೆ ಕೊರೆದಿರುತ್ತದೆ. ಹೊರಗೆ ಹೊಳೆಯುವ ರಿವಾಲ್ವರಿನ ಒಳಗೆ ಹುಳುಕು ಹಲ್ಲಿನಂಥ ಕುಳಿಗಳಿರಬಹುದು.

ಚರ್ಮದ ಚೀಲವೂ ಮಿತ್ರನಲ್ಲ. ಚರ್ಮ ಹದ ಮಾಡುವಾಗ ಬಳಸಿದ ಟ್ಯಾನಿನ್ ಆಮ್ಲಗಳು ಅದರಲ್ಲಿ ಉಳಿದಿರುತ್ತವೆ. ಮೇಲಾಗಿ ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಸೊಂಟದಲ್ಲಿ ಕೆಲವು ಗಂಟೆ ಇರಲೆಂದು ಹೊಲಿದ ಚೀಲದಲ್ಲಿ ಹತ್ತಾರು ವರ್ಷ ಇಡುವುದೆಂದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಂತೆಯೇ.

ಒಂದೇ ಕಬ್ಬಿಣ, ಎರಡು ಬಣ್ಣ

ಇನ್ನು ಚಿಕ್ಕಪ್ಪನ ಮರಳು ಕಾಗದದ ಮಾತು. ಹಳೆಯ ರಿವಾಲ್ವರಿನ ಮೈಮೇಲಿನ ನೀಲಿಗಪ್ಪು ಬಣ್ಣ ಪೇಂಟ್ ಅಲ್ಲ. ಅದೂ ಕಬ್ಬಿಣದ ಆಕ್ಸೈಡೇ. ಕೆಂಪು ತುಕ್ಕು ನೀರು ಸೇರಿದ ಫೆರಿಕ್ ಆಕ್ಸೈಡ್. ನೀಲಿಗಪ್ಪು ಪದರ ಮ್ಯಾಗ್ನಟೈಟ್, ಅಯಸ್ಕಾಂತ ಶಿಲೆಯಲ್ಲಿರುವ ಅದೇ ವಸ್ತು. ಕೆಂಪು ತುಕ್ಕು ಉಬ್ಬಿ ಹಪ್ಪಳದಂತೆ ಎದ್ದು ಹೊಸ ಕಬ್ಬಿಣವನ್ನು ಗಾಳಿಗೆ ತೆರೆಯುತ್ತದೆ. ಕಪ್ಪು ಆಕ್ಸೈಡ್ ಕಬ್ಬಿಣಕ್ಕೆ ಅಂಟಿ ಕುಳಿತು, ಎಣ್ಣೆಯನ್ನು ಹಿಡಿದಿಟ್ಟು ಮಟ್ಟಿಗೆ ಕಾಯುತ್ತದೆ.

ಇದರಲ್ಲಿ ಒಂದು ಸೋಜಿಗವಿದೆ. ಹಳೆಯ ಕುಶಲಕರ್ಮಿಗಳು ಈ ಕಪ್ಪು ಪದರವನ್ನು ತುಕ್ಕಿನಿಂದಲೇ ಮಾಡುತ್ತಿದ್ದರು. ಉಕ್ಕಿಗೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಅದ್ದಿ ಕೆಂಪನ್ನು ಕಪ್ಪಾಗಿಸಿ, ಸಡಿಲವಾದದ್ದನ್ನು ನಯವಾಗಿ ಒರೆಸಿ, ಮತ್ತೆ ಮತ್ತೆ ಇದನ್ನೇ ಮಾಡುತ್ತಿದ್ದರು. ಶತ್ರುವನ್ನೇ ಕಾವಲಿಗೆ ಇಟ್ಟಂಥ ಉಪಾಯ. ಅಷ್ಟು ಶ್ರಮದ ಪದರವನ್ನು ಮರಳು ಕಾಗದ ಐದು ನಿಮಿಷದಲ್ಲಿ ಕೆರೆದು ಹಾಕುತ್ತದೆ. ಅದರೊಡನೆ ತಯಾರಕರ ಗುರುತು, ಕ್ರಮಸಂಖ್ಯೆಗಳೂ ಮಾಸುತ್ತವೆ. ಬಂದೂಕಿನ ಗುರುತು, ಸಂಖ್ಯೆಗಳನ್ನು ಅಳಿಸುವುದು ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಿಷಿದ್ಧ. ಚೊಕ್ಕ ಮಾಡಲು ಹೋದ ಮನುಷ್ಯ ಸಂಖ್ಯೆ ಅಳಿಸಿದವನೆಂಬ ಅನುಮಾನಕ್ಕೆ ಗುರಿಯಾಗಬಹುದು. ದುರಸ್ತಿ ಮಾಡುವ ಅಂಗಡಿಯವನಿಗೂ ಪ್ರತ್ಯೇಕ ಪರವಾನಗಿ ಬೇಕು. ಊರ ಕಮ್ಮಾರನ ಕುಲುಮೆಗೆ ಒಯ್ಯುವ ವಸ್ತುವಲ್ಲ ಇದು.

ಬಲ್ಲವರು ಏನು ನೋಡುತ್ತಾರೆ?

ಹಾಗಾದರೆ ಇದರ ಸ್ಥಿತಿಯನ್ನು ಅಳೆಯುವವರು ಯಾರು? ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿಯ ನುರಿತ ಕೆಲಸಗಾರ, ಪೊಲೀಸ್ ಇಲಾಖೆಯ ಶಸ್ತ್ರಾಗಾರದ ತಂತ್ರಜ್ಞ, ವಿವಾದವೆದ್ದರೆ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞ. ಅವರು ಮೊದಲು ನೋಡುವುದು ಬೆಲೆಯನ್ನಲ್ಲ, ಅಂದವನ್ನೂ ಅಲ್ಲ. ಒಳಗೆ ಗುಂಡು ಇದೆಯೇ ಎಂಬುದನ್ನು. ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿದು ಮುಟ್ಟಬೇಕೆಂಬುದು ಅವರ ವೃತ್ತಿಯ ಮೊದಲ ಪಾಠ.

ಆಮೇಲೆ ಗುರುತುಗಳು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಕಾಯ್ದೆಯ ಮೂಲಕ ಸ್ಥಾಪನೆಯಾದ ‘ಪ್ರೂಫ್ ಹೌಸ್’ ಇದೆ. ಹೊಸ ಬಂದೂಕಿನಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ಒಡೆಯದೆ ಉಳಿದರೆ ಕಿರೀಟದ ಮುದ್ರೆ ಒತ್ತುವುದು ಅದರ ಕೆಲಸ. ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎಂಬ ಮುದ್ರೆ ಆಮೇಲೆ ಬಂತು. ಈ ಮುದ್ರೆಗಳಿಂದ ಆಯುಧದ ವಯಸ್ಸು ತಿಳಿಯುತ್ತದೆ, ಯಾವ ಮದ್ದಿಗಾಗಿ ಮಾಡಿದ್ದೆಂದೂ ತಿಳಿಯುತ್ತದೆ. ಆದರೆ ಇದು ಹಳೆಯ ಅಂಕಪಟ್ಟಿಯಿದ್ದಂತೆ. 1910ರಲ್ಲಿ ಪಾಸಾದ ಉಕ್ಕು ಇಂದೂ ಪಾಸಾಗುತ್ತದೆ ಎಂದು ಮುದ್ರೆ ಹೇಳುವುದಿಲ್ಲ.

ಮೂರನೆಯದು ನಳಿಗೆಯ ಒಳಮೈ. ಅಲ್ಲಿ ತಿರುಪಿನಾಕಾರದ ಗೀರುಗಳಿರುತ್ತವೆ. ಗುಂಡು ಅವುಗಳ ಮೂಲಕ ಹಾಯುವಾಗ ಬುಗುರಿಯಂತೆ ತಿರುಗುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ ತಿರುಗುವ ಗುಂಡೂ ಲಾಗ ಹೊಡೆಯದೆ ನೇರ ಹೋಗುತ್ತದೆ. ಗೀರುಗಳ ಅಂಚು ಸವೆದಿದೆಯೇ, ಕುಳಿ ಬಿದ್ದಿದೆಯೇ, ಎಲ್ಲಾದರೂ ಉಬ್ಬಿದೆಯೇ ಎಂದು ನೋಡುತ್ತಾರೆ.

ನಾಲ್ಕನೆಯದು ಸಿಲಿಂಡರ್. ಕಾರಿನ ಚಕ್ರದ ಗಾಳಿಯ ಒತ್ತಡ ಚದರ ಅಂಗುಲಕ್ಕೆ 30 ಪೌಂಡಿನ ಆಸುಪಾಸು. ರಿವಾಲ್ವರಿನ ಕೋಣೆಯಲ್ಲಿ ಆ ಕ್ಷಣಕ್ಕೆ ಅದು ಹತ್ತು ಸಾವಿರ ಪೌಂಡನ್ನೂ ಮೀರಬಹುದು. ಕೋಣೆಗಳ ನಡುವಿನ ಗೋಡೆ ತೆಳು. ಅದರಲ್ಲೊಂದು ಕುಳಿಯಿದ್ದರೆ ಬಲವೆಲ್ಲ ಆ ಕುಳಿಯ ಬುಡದಲ್ಲಿ ಒಟ್ಟಾಗುತ್ತದೆ. ಬಟ್ಟೆಯ ಅಂಚಿನಲ್ಲಿ ಚಿಕ್ಕದೊಂದು ಕಚ್ಚು ಮಾಡಿ ಎಳೆದರೆ ಅದೇ ಜಾಗದಲ್ಲಿ ಹರಿಯುವುದಿಲ್ಲವೇ? ಹಾಗೆ.

ಐದನೆಯದು ಹೊಂದಾಣಿಕೆ. ಕುದುರೆ ಬೀಳುವ ಹೊತ್ತಿಗೆ ಕೋಣೆ ನಳಿಗೆಯ ನೇರಕ್ಕೆ ಸರಿಯಾಗಿ ಬಂದು ನಿಲ್ಲಬೇಕು. ಸವೆದ ಯಂತ್ರದಲ್ಲಿ ಅದು ಕೂದಲೆಳೆಯಷ್ಟು ಅತ್ತಿತ್ತ ನಿಂತರೆ ಗುಂಡು ನಳಿಗೆಯ ಅಂಚಿಗೆ ಉಜ್ಜಿ ಸೀಸದ ಚೂರು ಬದಿಗೆ ಸಿಡಿಯುತ್ತದೆ. ಸ್ಪ್ರಿಂಗುಗಳ ಕಥೆಯೂ ಇಷ್ಟೇ ಮುಖ್ಯ. ಕೆಲವು ಹಳೆಯ ಮಾದರಿಗಳಲ್ಲಿ ಟ್ರಿಗರ್ ಎಳೆಯದೆಯೇ, ಕೈಜಾರಿ ನೆಲಕ್ಕೆ ಬಿದ್ದರೂ ಗುಂಡು ಹಾರುವ ಅಪಾಯವಿತ್ತು. ಅದಕ್ಕೇ ಅಮೆರಿಕದ 1873ರ ಪ್ರಸಿದ್ಧ ಕೋಲ್ಟ್ ಮಾದರಿಯನ್ನು ಒಯ್ಯುತ್ತಿದ್ದವರು ಆರು ಕೋಣೆಗಳಲ್ಲಿ ಒಂದನ್ನು ಖಾಲಿ ಬಿಡುವ ರೂಢಿ ಇಟ್ಟುಕೊಂಡಿದ್ದರು.

ಇಷ್ಟನ್ನೂ ಅಟ್ಟದ ಮಂದ ಬೆಳಕಿನಲ್ಲಿ, ಅಂಗೈಯಲ್ಲಿ ಹಿಡಿದು, ‘ಸತ್ತಿದೆ’ ಎಂದು ಯಾರು ಹೇಳಬಲ್ಲರು? ಟ್ರಿಗರ್ ಎಳೆದು ನೋಡುವುದು ಪರೀಕ್ಷೆಯಲ್ಲ, ಪಂದ್ಯ.

ಹಸಿರು ತೋಟಾಗಳ ಹಳೆಯ ಕಥೆ

ರಿವಾಲ್ವರಿಗಿಂತ ಹೆಚ್ಚು ಭಯಪಡಬೇಕಾದ್ದು ತಗಡಿನ ಡಬ್ಬಿಗೆ. ತೋಟಾದ ಕವಚ ಹಿತ್ತಾಳೆ. ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಉಗ್ರಾಣಗಳಲ್ಲಿ ಒಂದು ವಿಚಿತ್ರ ಕಂಡುಬಂತು. ಮಳೆಗಾಲದಲ್ಲಿ, ಯಾರೂ ಮುಟ್ಟದೆ ಇಟ್ಟಿದ್ದ ತೋಟಾಗಳು ಗುಂಡನ್ನು ಹಿಡಿದ ಕೊರಳಿನಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಋತುವಿಗೆ ಸರಿಯಾಗಿ ಬರುತ್ತಿದ್ದ ಕಾಯಿಲೆಯಾದ್ದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರು ಬಿತ್ತು. ಕಾರಣವನ್ನು ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ವಿಜ್ಞಾನಿಗಳು 1921ರಲ್ಲಿ ವಿವರಿಸಿದರು. ಹತ್ತಿರದ ಕುದುರೆ ಲಾಯಗಳ ಗಂಜಲದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಸೇರಿ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತದ ಜಾಗವನ್ನು ಸೀಳುತ್ತಿತ್ತು. ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಬಿಗಿತ ಕಳೆಯುವುದೇ ಪರಿಹಾರವಾಯಿತು.

ಕುದುರೆ ಲಾಯದ ಬದಲು ದನದ ಕೊಟ್ಟಿಗೆ, ಅಥವಾ ಯೂರಿಯಾ ಮೂಟೆಯಿಟ್ಟ ಕೋಣೆ ಎಂದಿಟ್ಟುಕೊಂಡರೆ ಬಾಳೂರಿನ ಅಟ್ಟಕ್ಕೂ ಇದೇ ಲೆಕ್ಕ. ಬಿರುಕು ಬಿಟ್ಟ ಕವಚ ಗುಂಡು ಹಾರುವಾಗ ಬಿಸಿ ಅನಿಲವನ್ನು ಹಿಂದಕ್ಕೆ ಬಿಡಬಹುದು. ಒಳಗಿನ ಮದ್ದೂ ಹಾಗೇ ಕುಳಿತಿರುವುದಿಲ್ಲ. ಏಬೆಲ್ ಮತ್ತು ಡೂವರ್ 1889ರಲ್ಲಿ ರೂಪಿಸಿದ ಕಾರ್ಡೈಟ್‌ನಲ್ಲಿ ನೈಟ್ರೊಗ್ಲಿಸರಿನ್, ಗನ್‌ಕಾಟನ್ ಮತ್ತು ಸ್ವಲ್ಪ ವ್ಯಾಸಲೀನ್ ಇದ್ದವು. ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲಿ 20ನೇ ಶತಮಾನದ ಆರಂಭದಲ್ಲೇ ಅದರ ಕಾರ್ಖಾನೆ ತಲೆಯೆತ್ತಿತು. ಇಂಥ ಮದ್ದು ವರ್ಷಗಳುದ್ದಕ್ಕೂ ನಿಧಾನವಾಗಿ ಕೊಳೆಯುತ್ತದೆ. ಕೊಳೆತ ಮದ್ದು ಸಿಡಿಯದಿರಬಹುದು. ಅರ್ಧ ಸಿಡಿದು ಗುಂಡನ್ನು ನಳಿಗೆಯ ಮಧ್ಯದಲ್ಲಿ ಸಿಕ್ಕಿಸಬಹುದು. ಕೇಪಿಗೆ ಪೆಟ್ಟು ಬಿದ್ದು ಕ್ಷಣ ತಡೆದು ಸಿಡಿಯಬಹುದು. ಯಾವುದು ಎಂಬುದನ್ನು ಹೊರಗಿನಿಂದ ಯಾರೂ ಹೇಳಲಾರರು.

ಹಳೆಯ ಮದ್ದಿನ ಬಾಳಿಕೆಗೆ ನಮ್ಮ ಮಲೆನಾಡಿನಲ್ಲೇ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರ ಜುಲೈ ತಿಂಗಳಲ್ಲಿ ಪಾಳು ಬಾವಿಯೊಂದನ್ನು ಅಗೆದಾಗ ಟಿಪ್ಪುವಿನ ಕಾಲದವೆನ್ನಲಾದ ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಟಿಪ್ಪು ಮಡಿದದ್ದು 1799ರಲ್ಲಿ. ಎರಡು ಶತಮಾನ ಕೆಸರಿನಲ್ಲಿದ್ದರೂ ಆ ಕಬ್ಬಿಣದ ಕೊಳವೆಗಳು ಗುರುತು ಸಿಗುವಂತೆ ಉಳಿದಿದ್ದವು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಬರುತ್ತಿತ್ತೆಂದು ಅಗೆದವರು ಹೇಳಿದರು. ಆಮ್ಲಜನಕ ಸುಲಭವಾಗಿ ತಲಪದ ಕೆಸರು ಕಬ್ಬಿಣವನ್ನು ಕಾಪಾಡಬಲ್ಲದು. ಎರಡನೆಯ ಪ್ರನಾಳದ ಪಾಠ ಇದೇ ತಾನೆ? ಆದ್ದರಿಂದ ‘ಬಾವಿಗೆ ಎಸೆದುಬಿಡೋಣ, ಹೂತುಬಿಡೋಣ’ ಎಂಬ ಯೋಚನೆ ಪರಿಹಾರವಲ್ಲ. ಒಲೆಗೆ ಹಾಕುವುದಂತೂ ಅನಾಹುತವೇ. ಹಳೆಯ ತೋಟಾಗಳನ್ನು ಎಣಿಸಲು, ಒರೆಸಲು, ಅಲುಗಾಡಿಸಲು ಹೋಗದೆ ಡಬ್ಬಿ ಇದ್ದಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸುವುದೊಂದೇ ದಾರಿ.

ಆಯುಧ ಉಳಿಯುತ್ತದೆ, ಅನುಮತಿ ಉಳಿಯದು

ಈಗ ಹುಡುಗನ ತಂದೆಯ ಮಾತಿಗೆ ಬರೋಣ. ಜಮೀನಿನ ಒಡೆಯ ತೀರಿಕೊಂಡರೆ ಪೌತಿ ಖಾತೆಯಾಗಿ ವಾರಸುದಾರರ ಹೆಸರಿಗೆ ಬರುತ್ತದೆ. ಬಂದೂಕಿಗೆ ಪೌತಿ ಖಾತೆ ಇಲ್ಲ. ಲೈಸೆನ್ಸ್ ಕೊಟ್ಟಿದ್ದು ಆ ಮನುಷ್ಯನ ನಡತೆ, ವಯಸ್ಸು, ಅಗತ್ಯಗಳನ್ನು ನೋಡಿ. ಆತನೊಡನೆ ಅದೂ ಮುಗಿಯಿತು. ಆಯುಧ ಆಸ್ತಿಯಾಗಿ ಮಕ್ಕಳಿಗೆ ಸೇರಬಹುದು; ಅದನ್ನು ಇಟ್ಟುಕೊಳ್ಳುವ ಅನುಮತಿ ಸೇರುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಇದನ್ನೇ ಹೇಳುತ್ತದೆ. ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧವನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ನಿಯಮದಂತೆ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಠೇವಣಿ ಎಂದರೆ ಕಳೆದುಕೊಳ್ಳುವುದಲ್ಲ. ವಾರಸುದಾರರು ಲೈಸೆನ್ಸ್ ಪಡೆದು ಹಿಂದಕ್ಕೆ ತರಬಹುದು, ಅಥವಾ ಇಟ್ಟುಕೊಳ್ಳಲು ಅರ್ಹತೆಯಿರುವವರಿಗೆ ಮಾರಬಹುದು. 2016ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವ ಅವಕಾಶವಿದೆ. ಲೈಸೆನ್ಸುದಾರ ಬದುಕಿರುವಾಗಲೇ, 70 ವರ್ಷ ತುಂಬಿದ ಮೇಲೆ ಅಥವಾ 25 ವರ್ಷ ಆಯುಧ ಇಟ್ಟುಕೊಂಡ ಮೇಲೆ, ವಾರಸುದಾರನೊಬ್ಬನಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಟ್ರಂಕಿನಲ್ಲಿ ಗುಟ್ಟಾಗಿ ಬಿಟ್ಟುಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅಲ್ಲಿಗೆ ಹೈಸ್ಕೂಲು ಮೊಮ್ಮಗನ ಮಾತು ಮುಗಿಯಿತು.

2019ರ ತಿದ್ದುಪಡಿ ಬಿಗಿಯನ್ನು ಹೆಚ್ಚಿಸಿತು. ಒಬ್ಬರ ಬಳಿ ಮೂರು ಬಂದೂಕು ಇರಬಹುದಾಗಿದ್ದದ್ದು ಎರಡಕ್ಕಿಳಿಯಿತು, ಪಿತ್ರಾರ್ಜಿತವೂ ಆ ಎರಡರ ಲೆಕ್ಕದಲ್ಲೇ ಬರುತ್ತದೆ. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೇರಿತು. ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೆ ಎರಡರಿಂದ ಐದು ವರ್ಷ, ನಿಷೇಧಿತ ವರ್ಗದ್ದಾದರೆ ಏಳರಿಂದ ಹದಿನಾಲ್ಕು ವರ್ಷ ಸೆರೆವಾಸ. ಇಲ್ಲಿಯೇ ರಿವಾಲ್ವರಿನ ಜಾತಿ ಮುಖ್ಯವಾಗುವುದು. .32 ಅಂಗುಲದ್ದು ಸಾಮಾನ್ಯ ವರ್ಗ. ಸೇನೆಯ .380 ಮತ್ತು .455 ತೋಟಾ ಹಿಡಿಸುವ ರಿವಾಲ್ವರ್‌ಗಳು ನಿಷೇಧಿತ ವರ್ಗ. ವೆಬ್ಲಿಯ ಸೇನಾ ಮಾದರಿಗಳು ಹೆಚ್ಚಾಗಿ ಇಲ್ಲಿಗೇ ಬರುತ್ತವೆ. ಅವುಗಳ ಲೈಸೆನ್ಸ್ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ, ಕೇಂದ್ರ ಸರ್ಕಾರದ ಕೈಯಲ್ಲಿದೆ.

‘ಕೊಡಗಿನಲ್ಲಿ ಲೈಸೆನ್ಸೇ ಬೇಡವಂತಲ್ಲ?’ ಎಂದು ಯಾರಾದರೂ ಕೇಳಿಯಾರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯೊಂದಿದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿತು. ಅದು ಆ ಜಿಲ್ಲೆಯ ಆ ಸಮುದಾಯಗಳಿಗೆ ಸೀಮಿತ. ಮೂಡಿಗೆರೆ, ಕಳಸದವರು ಅದರ ಆಸರೆ ಹಿಡಿಯುವಂತಿಲ್ಲ.

ಇನ್ನೊಂದು ನಂಬಿಕೆ, ‘ನೂರು ವರ್ಷ ಹಳೆಯದಾದರೆ ಲೈಸೆನ್ಸ್ ಬೇಡ’ ಎಂಬುದು. ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಬೆಲೆಯುಳ್ಳ ಅಥವಾ ಕೆಟ್ಟುಹೋದ ಆಯುಧಗಳನ್ನು ಬಿಟ್ಟಿರುವುದು ನಿಜ. ಆದರೆ ಒಂದು ಷರತ್ತಿದೆ: ದುರಸ್ತಿ ಮಾಡಿಯೂ, ಮಾಡದೆಯೂ ಅದು ಬಂದೂಕಾಗಿ ಬಳಕೆಗೆ ಬಾರದಂತಿರಬೇಕು. ಈ ಷರತ್ತನ್ನು ಇನ್ನೊಮ್ಮೆ ಓದಿ. ಈಗ ಹಾರುತ್ತದೆಯೇ ಎಂದಷ್ಟೇ ಕಾನೂನು ಕೇಳುತ್ತಿಲ್ಲ. ರಿಪೇರಿ ಮಾಡಿದರೂ ಹಾರದೇ ಎಂದು ಕೇಳುತ್ತಿದೆ. ಬಿಗಿದುಕೊಂಡ ಸಿಲಿಂಡರ್, ಮುರಿದ ಸ್ಪ್ರಿಂಗ್, ಮೇಲ್ಮೈಯ ತುಕ್ಕು ಇವೆಲ್ಲ ಸರಿಪಡಿಸಬಹುದಾದ ರೋಗಗಳು. ಹಾಗಾಗಿ ‘ಹಳೆಯದು’, ‘ಕೆಟ್ಟದ್ದು’ ಎಂಬ ಮನೆಯವರ ಮಾತು ಸಾಲದು, ಬಲ್ಲವರ ಪರೀಕ್ಷೆ ಬೇಕು. ರಸಾಯನಶಾಸ್ತ್ರವೂ ಕಾನೂನೂ ಕೊನೆಗೆ ಒಂದೇ ಪ್ರಶ್ನೆಯಲ್ಲಿ ಬಂದು ಸೇರುತ್ತವೆ: ಇದು ನಿಜವಾಗಿ ಸತ್ತಿದೆಯೇ?

ಹಿಡಿಯಲ್ಲಿ ಆನೆ ದಂತವೇನಾದರೂ ಇದ್ದರೆ ವನ್ಯಜೀವಿ ಕಾಯ್ದೆಯ ಬೇರೆಯೇ ಪ್ರಶ್ನೆ ಏಳುತ್ತದೆ ಎಂಬುದನ್ನೂ ಮರೆಯಬಾರದು.

ಮನೆಯವರು ಮಾಡಬೇಕಾದ್ದೇನು?

ಮಕ್ಕಳನ್ನು ಆ ಕೋಣೆಯಿಂದ ದೂರ ಕಳಿಸಿ. ಆಯುಧವನ್ನು ಎತ್ತಬೇಡಿ, ಯಾರ ಕಡೆಗೂ ತಿರುಗಿಸಬೇಡಿ, ಬಾಗಿಲಿಗೆ ಬೀಗ ಹಾಕಿ. ಅಜ್ಜನ ಕಾಗದಗಳಲ್ಲಿ ಲೈಸೆನ್ಸ್ ಪುಸ್ತಕ, ಖರೀದಿಯ ರಸೀತಿ ಇವೆಯೇ ನೋಡಿ. ಆಯುಧದ ವಂಶಾವಳಿ ಅದರಲ್ಲಿದೆ. ನಂತರ ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ, ಅವರು ಹೇಳಿದಂತೆ ನಡೆಯಿರಿ. ಸುದ್ದಿ ತಿಳಿಸದೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುವುದು ಬೇಡ. ಠೇವಣಿಯಿಟ್ಟಾಗ ಕ್ರಮಸಂಖ್ಯೆ ಸಹಿತ ರಸೀತಿ ಪಡೆಯಿರಿ. ಆಮೇಲೆ ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಕುಳಿತು ಯೋಚಿಸಿ: ಯಾರಾದರೂ ಲೈಸೆನ್ಸಿಗೆ ಅರ್ಜಿ ಹಾಕುವುದೇ, ಮಾರುವುದೇ, ಸರ್ಕಾರಕ್ಕೆ ಒಪ್ಪಿಸುವುದೇ? ಅರ್ಜಿ ಹಾಕುವುದಾದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಲೈಸೆನ್ಸ್ ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಬೀಗದ ಪೆಟ್ಟಿಗೆ, ತೇವ ಹೀರುವ ಸಿಲಿಕಾ ಜೆಲ್, ಚುನಾವಣೆ ಬಂದಾಗ ಠಾಣೆಯ ಠೇವಣಿ, ಐದು ವರ್ಷಕ್ಕೊಮ್ಮೆ ನವೀಕರಣ, ಇವೆಲ್ಲ ಬೆನ್ನಿಗೆ ಬರುವ ಹೊಣೆಗಳು.

ಕಾಫಿ ಸೀಮೆಯ ಅನೇಕ ಮಕ್ಕಳು ಈಗ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಊರಿನ ಮನೆ ವರ್ಷದ ಬಹುಪಾಲು ಬೀಗದಲ್ಲಿರುತ್ತದೆ. ಕಾಯುವವರಿಲ್ಲದ ಮನೆಯಲ್ಲಿ ಆಯುಧವೊಂದು ರಕ್ಷಣೆಯಲ್ಲ, ಕಳ್ಳನಿಗಿಟ್ಟ ಕಾಣಿಕೆ. ಅಜ್ಜನ ನೆನಪು ಬೇಕಾದರೆ ಸೊಂಟಕ್ಕೆ ರಿವಾಲ್ವರ್ ಕಟ್ಟಿ ನಿಂತ ಅವರ ಫೋಟೊ ಇದೆ, ಬಟವಾಡೆ ಪುಸ್ತಕದಲ್ಲಿ ಅವರ ಅಕ್ಷರವಿದೆ. ಅವಕ್ಕೆ ಲೈಸೆನ್ಸ್ ಬೇಡ.

ಅಜ್ಜಿ ಮೂರು ಪ್ರನಾಳದ ಪ್ರಯೋಗ ಮಾಡಿದವರಲ್ಲ, 21ನೇ ಕಲಮು ಓದಿದವರೂ ಅಲ್ಲ. ಆದರೆ ಅಜ್ಜ ಆ ವಸ್ತುವನ್ನು ಬಿಚ್ಚಿ, ಒರೆಸಿ, ಮತ್ತೆ ಕಟ್ಟಿ ಮೇಲಿಡುವಾಗ ಮಕ್ಕಳನ್ನು ಹೊರಗೆ ಕಳಿಸುತ್ತಿದ್ದುದನ್ನು ಅವರು ಐವತ್ತು ವರ್ಷ ನೋಡಿದ್ದಾರೆ. ಅಜ್ಜನಿಂದ ಮೊಮ್ಮಗನಿಗೆ ಬರಬೇಕಾದ ಆಸ್ತಿ ಅದು, ಆ ಎಚ್ಚರ. ‘ಅದನ್ನ ಕೆಳಗಿಡು ಮಗಾ’ ಎಂಬ ಮೂರು ಮಾತಿನಲ್ಲಿ ಅದು ಪೂರ್ತಿಯಾಗಿ ಅವನಿಗೆ ದಾಟಿದೆ.